ಗೋಡೆಗೆ ಮುಖ ಮಾಡುವ ದಸ್ತಗೀರ ಮಾಮಾ

ಆರಡಿ ಎತ್ತರದ, ಗಡ್ಡ ಬೆಳ್ಳಗಾದ ಮನುಷ್ಯನೊಬ್ಬ ಮಾಸ್ತರರಿಂದ ಬೈಸಿಕೊಂಡ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಲ್ಲುವುದನ್ನು ಹಳಿಯಾಳದ ಪೇಟೆಯಲ್ಲಿ ನಾವು ದಿನಾ ನೋಡುತ್ತಿದ್ದೆವು. ದಸ್ತಗೀರ ಮಾಮಾ ಅವರ ಮೊಬೈಲ್ ರಿಪೇರಿ ಅಂಗಡಿಗೆ ಯಾರೇ ಬರಲಿ, ಫೋನಿನ ಲಾಕ್ ತೆಗೆಯುವ ಹೊತ್ತಿಗೆ ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಗಿರಾಕಿಗೆ ಬೆನ್ನು ಮಾಡಿ ಗೋಡೆ ನೋಡುತ್ತ ನಿಲ್ಲುತ್ತಿದ್ದರು.

"ಹೂಂ, ಹೊಡೀರಿ ನಿಮ್ಮ ಪಾಸ್‌ವರ್ಡು. ಆತು ಅಂದ್ರ ಹೇಳ್ರಿ, ತಿರಗ್ತೇನಿ."

ಸಂತೆಗೆ ಬಂದಿದ್ದ ಅಜ್ಜಿಯೊಬ್ಬಳು ಒಮ್ಮೆ ಇಡೀ ಪೇಟೆಗೆ ಕೇಳುವಂತೆ ಕೂಗಿದಳು: "ಬರೇ ಒಂದು ಒಂದು ಒಂದು ಒಂದು ಅದ ತಗೋ ತಮ್ಮಾ, ನೀನ ಹೊಡಿ!"

ಮಾಮಾ ಎರಡೂ ಕಿವಿ ಮುಚ್ಚಿಕೊಂಡರು. "ಯವ್ವಾ, ನಾ ಇಷ್ಟೊತ್ತು ಗ್ವಾಡಿ ನೋಡಿದ್ದು ಯಾಕ ಮತ್ತ?" ಆಕೆಯನ್ನು ಅಲ್ಲೇ ಸ್ಟೂಲಿನ ಮೇಲೆ ಕೂಡಿಸಿ, ಬೇರೆ ನಂಬರು ಹಾಕಿಸಿ, ಅದು ಬಾಯಿಪಾಠ ಆದಮೇಲೆಯೇ ಕಳಿಸಿದರು. ಆ ಹೊಸ ನಂಬರು ಹಾಕುವಾಗಲೂ ಮತ್ತೆ ಗೋಡೆ ನೋಡಿದರು.

ಮಾಮಾ ದಾಂಡೇಲಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಸಾವಿರಾರು ಕೂಲಿಗಾರರ ಪಗಾರ, ರಜೆ, ದವಾಖಾನೆಯ ವಿವರ ಎಲ್ಲ ಅವರ ಕಣ್ಣೆದುರು ಹಾದು ಹೋಗಿತ್ತು. "ಮಂದೀದು ಭಾಳ ನೋಡೇನಿ. ಸಾಕಾಗೇತಿ" ಎನ್ನುತ್ತಿದ್ದರು. ನನ್ನ ಝೆರಾಕ್ಸ್ ಅಂಗಡಿಗೂ ಅವರ ಅಂಗಡಿಗೂ ನಡುವೆ ಒಂದು ಪ್ಲೈವುಡ್ ಹಲಗೆ ಅಷ್ಟೇ. ನಾನು ಮದುವೆಯಾಗಿ ಮಕ್ಕಳಾದ ಮೇಲೆ ಹತ್ತನೆಯ ಇಯತ್ತೆ ಪಾಸಾದವನು. ಕೀಬೋರ್ಡಿನ ಮೇಲೆ ಬೆರಳಿಡಲು ಹೆದರುತ್ತಿದ್ದೆ. ಕನ್ನಡ ಟೈಪಿಂಗ್ ಕಲಿಸಿದವರು ಅವರೇ. "ಅವಸರ ಮಾಡಬ್ಯಾಡ ಶಿವ್ಯಾ. ಅಕ್ಷರ ಎಲ್ಲೂ ಓಡಿ ಹೋಗೂದಿಲ್ಲ." ಇವತ್ತಿಗೂ ನನ್ನ ವೇಗ ಅಷ್ಟೇ ಇದೆ.

ಅವರ ಅಂಗಡಿಯಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು. ಫೋನು ಬಿಟ್ಟು ಹೋಗುವಂತಿಲ್ಲ. ಕೆಲಸ ಮುಗಿಯುವವರೆಗೆ ಯಜಮಾನ ಎದುರಿಗೇ ಕೂತಿರಬೇಕು. ಇದರಿಂದ ಅರ್ಧ ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಮಾಮಾ ಮಾತ್ರ ಜಗ್ಗಲಿಲ್ಲ.

ಒಂದು ದಿನ ದಪ್ಪ ಮೀಸೆಯವನೊಬ್ಬ ಬಂದು ಕೌಂಟರಿನ ಮೇಲೆ ಫೋನು ಕುಕ್ಕಿದ. ಗುಲಾಬಿ ಬಣ್ಣದ ಕವರು, ಅದರ ಮೇಲೆ ಮೊಲದ ಚಿತ್ರ.

"ಇದರ ಲಾಕ್ ತಗೀರಿ."

"ನಿಮ್ಮ ಫೋನೇನ್ರಿ ಇದು?"

"ನಮ್ಮನಿಯಾಕೀದು. ಎಲ್ಲಾ ಒಂದ ಅಲ್ಲೇನ್ರಿ?"

"ಒಂದ ಇದ್ರ ಆಕಿ ಯಾಕ ಲಾಕ್ ಹಾಕ್ಯಾಳ? ಅವರನ್ನ ಕರ್ಕೊಂಡು ಬರ್ರಿ. ಈ ಸ್ಟೂಲಿನ ಮ್ಯಾಲ ಅವರು ಕುಂಡ್ರಲಿ, ತಗೀತೇನಿ."

"ಗಂಡ ನಾ ಬಂದೇನಲ್ರಿ!"

"ಮದುವಿ ಆಕೀ ಜೋಡಿ ಆಗೀರಿ. ಫೋನಿನ ಜೋಡಿ ಅಲ್ಲ."

ಅವನು ಬಾಯಿಗೆ ಬಂದಂತೆ ಬೈದು ಹೋದ. ಸಾಲಿನ ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕೆವು. ಮಾಮಾ ನಗಲಿಲ್ಲ. "ನಗೂದಲ್ಲ ಶಿವ್ಯಾ. ಇವತ್ತ ಆಕಿಗೆ ಮನಿಯಾಗ ಏನ ಕಾದೈತೋ" ಎಂದು ಬಹಳ ಹೊತ್ತು ರಸ್ತೆ ನೋಡುತ್ತ ಕೂತರು.

ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಎದೆಯೂ ಅಷ್ಟಕ್ಕಷ್ಟೆ. ಹುಬ್ಬಳ್ಳಿಯಲ್ಲಿದ್ದ ಮಗಳು ನಸೀಮಾ ಒಂದು ಕೈಗಡಿಯಾರ ತಂದು ಕಟ್ಟಿದಳು. ಎಷ್ಟು ನಡೆದರು, ಎಷ್ಟು ಹೊತ್ತು ಮಲಗಿದರು, ಎದೆ ಹೇಗೆ ಬಡಿಯಿತು, ಎಲ್ಲ ಅವಳ ಫೋನಿಗೇ ಹೋಗುತ್ತಿತ್ತು. ಒಂದು ವಾರ ಕಟ್ಟಿಕೊಂಡರು. ಆಮೇಲೆ ಬಿಚ್ಚಿ ಡ್ರಾಯರಿಗೆ ಹಾಕಿದರು.

"ನನ್ನ ಎದಿ ನನಗಷ್ಟ ಬಡೀಲಿ. ಹುಬ್ಬಳ್ಳಿತನಕ ಯಾಕ ಬಡೀಬೇಕು?"

ಹಾಗಂತ ಮಗಳಿಂದ ಮುಚ್ಚಿಡುವವರೂ ಅಲ್ಲ. ದಿನಾ ಬೆಳಿಗ್ಗೆ ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡು ತಾವೇ ಫೋನು ಮಾಡಿ ಹೇಳುತ್ತಿದ್ದರು. ಹಿಂದಿನ ದಿನ ಜಿಲೇಬಿ ತಿಂದಿದ್ದರೆ ಅದನ್ನೂ ಹೇಳಿ ಬೈಸಿಕೊಳ್ಳುತ್ತಿದ್ದರು. ಅವಳಿಗೆ ಎಲ್ಲ ತಿಳಿಯುವುದೇ ಆದರೆ ಗಡಿಯಾರ ಕಟ್ಟಿಕೊಂಡರೇನು ಎಂದು ನಾನು ಕೇಳಿದೆ.

"ಬಾಗಲಾ ತಗದು ಒಳಗ ಬರ್ರಿ ಅನ್ನೂದಕ್ಕೂ, ಮ್ಯಾಲಿನ ಹಂಚು ಸರಿಸಿ ಇಣುಕಿ ನೋಡೂದಕ್ಕೂ ಫರಕ ಇಲ್ಲೇನೋ?"

ಆ ಫರಕು ನನಗೆ ಪೂರ್ತಿ ತಿಳಿದದ್ದು ನನ್ನ ತಂಗಿ ಮಹಾದೇವಿಯ ಸಲುವಾಗಿ.

ಆಕೆಯನ್ನು ಮುಂಡಗೋಡದ ಕಡೆಯ ಹಳ್ಳಿಗೆ ಕೊಟ್ಟಿದ್ದೇವೆ. ಅಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾಳೆ. ಅವಳ ಜೀವವೇ ಆ ಅಡುಗೆಮನೆ. ಒಂದು ವರ್ಷ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಸರ್ಕಾರಿ ದವಾಖಾನೆಯಲ್ಲಿ ಪರೀಕ್ಷೆ ಮಾಡಿ ಟಿಬಿ ಎಂದರು. ಮಹಾದೇವಿ ಅದೇ ದಿನ ತಾನೇ ಹೋಗಿ ಶಾಲೆಯ ದೊಡ್ಡ ಅಕ್ಕೋರಿಗೆ, ಅಂದರೆ ಮುಖ್ಯೋಪಾಧ್ಯಾಯಿನಿಗೆ, ಹೇಳಿದಳು, ರಜೆ ಹಾಕಿ ಮನೆಯಲ್ಲಿ ಕೂತಳು. ವರದಿಯ ಒಂದು ಪ್ರತಿ ಬೇಕಾಗಿತ್ತು. ಅವಳ ಗಂಡ ಬಸಪ್ಪ ಅದರ ಫೋಟೊ ತೆಗೆದು ನನಗೆ ಕಳಿಸಲು ಹೋದ. ಬಸಪ್ಪನಿಗೆ ಓದು ಬರುವುದಿಲ್ಲ, ಚಿತ್ರ ನೋಡಿ ಗುರುತು ಹಿಡಿಯುತ್ತಾನೆ. ನನ್ನ ಹೆಸರಿನ ಪಕ್ಕ ನಮ್ಮ ಮನೆಯ ಬಿಳಿ ಎತ್ತಿನ ಚಿತ್ರ ಇತ್ತು. ಊರಿನ ಹಾಲಿನ ಡೇರಿಯ ಗ್ರೂಪಿಗೆ ಬಿಳಿ ಆಕಳ ಚಿತ್ರ. ಫೋಟೊ ಡೇರಿಗೆ ಹೋಯಿತು.

ಯಾರೂ ಅದನ್ನು ಗಂಡ ಹೆಂಡತಿಗೆ ಹೇಳಲಿಲ್ಲ. ನಳದ ಹತ್ತಿರ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದಾಗಲೇ ಮಹಾದೇವಿಗೆ ಗೊತ್ತಾದದ್ದು. ಅಷ್ಟರಲ್ಲಿ ಎಲ್ಲರ ಫೋನಿನಿಂದ ಒಟ್ಟಿಗೇ ಅಳಿಸುವ ಗಡುವು ದಾಟಿತ್ತು.

ತಿಂಗಳುಗಟ್ಟಲೆ ಗುಳಿಗೆ ನುಂಗಿದಳು. ಪೂರ್ತಿ ವಾಸಿಯಾಗಿದೆ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಆದರೆ ದೊಡ್ಡ ಅಕ್ಕೋರು ಕೈ ಹೊಸೆದುಕೊಂಡರು. "ನಂದೇನೂ ಅಡ್ಡಿ ಇಲ್ಲ ಮಹಾದೇವಿ. ನಾ ಡಾಕ್ಟರ ಮಾತು ಹೇಳಿದ್ರ, ಮಂದಿ ಫೋನು ತಗದು ಆ ಫೋಟೊ ತೋರಸ್ತಾರ. ಮಕ್ಕಳನ್ನ ಉಣ್ಣಾಕ ಬಿಡೂದಿಲ್ಲ ಅಂತಾರ." ಬೇರೆಯವರನ್ನು ಹುಡುಕುವ ಮಾತೂ ನಡೆದಿತ್ತು.

ಮಹಾದೇವಿ ಫೋನಿನಲ್ಲಿ ಹೇಳಿದ್ದು, ನಾನು ಕೇಳಿದ್ದು ಎಲ್ಲ ಪ್ಲೈವುಡ್ಡಿನ ಆಚೆ ಮಾಮಾ ಅವರ ಕಿವಿಗೆ ಬಿತ್ತು. ಎದ್ದು ಬಂದು ನನ್ನೆದುರು ನಿಂತರು.

"ಬ್ಯಾನಿ ಆಕೀ ಮೈಯಿಂದ ಹೋತು. ಮಂದಿ ಫೋನಿನಿಂದ ಹೋಗಿಲ್ಲ. ನಡಿ, ತಗದು ಬರೂಣು."

"ಊರಾಗ ಎಷ್ಟು ಫೋನು ಅದಾವು ಮಾಮಾ?"

"ಎಷ್ಟರ ಇರಲಿ. ಒಂದೊಂದ ತಗದ್ರ ಮುಗೀತಾವು."

ಅಂಗಡಿ ಮುಚ್ಚಿದರು. ಇಬ್ಬರೂ ಬಸ್ಸು ಹಿಡಿದು ಹೋಗಿ ತಂಗಿಯ ಮನೆಯಲ್ಲಿ ಉಳಿದೆವು. ಬಿಸಿಲಿನಲ್ಲಿ ಮನೆ ಮನೆ ತಿರುಗಿದೆವು. ನಾಲ್ಕು ಮನೆಗೊಮ್ಮೆ ಮಾಮಾ ಕಟ್ಟೆಯ ಮೇಲೆ ಕೂತು ದಮ್ಮು ತೆಗೆದುಕೊಳ್ಳುತ್ತಿದ್ದರು. ನಾಳೆ ಮಾಡೋಣ ಎಂದರೆ ಕೇಳುತ್ತಿರಲಿಲ್ಲ. ಪ್ರತಿ ಮನೆಯಲ್ಲೂ ಅದೇ ಮಾತು: "ಫೋನು ನೀವ ಹಿಡೀರಿ, ನೀವ ಅಳಸ್ರಿ. ನಾ ನೋಡೂದಿಲ್ಲ." ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಕೆಲವರು ನಕ್ಕು ಅಳಿಸಿದರು. ಕೆಲವರು ನಾಚಿ ಅಳಿಸಿದರು. ಬಹಳ ಜನ ಮಾತ್ರ "ಚನ್ನಬಸಪ್ಪನವರು ಏನಂತಾರ ನೋಡೂಣು" ಎಂದರು. ಚನ್ನಬಸಪ್ಪ ಡೇರಿಯ ಸೆಕ್ರೆಟರಿ. ಅವರ ಮನೆಯಲ್ಲಿ ಚಹಾ ಕೊಟ್ಟರು, ಮಾಮಾ ಅವರ ಮೊಮ್ಮಗನನ್ನು ತೊಡೆಯ ಮೇಲೆ ಆಡಿಸಿದರು. ಆದರೆ ಅಳಿಸುವ ಮಾತಿಗೆ ಅವರು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಊರಿನವರೆಲ್ಲ ಹಾಲು ಹಾಕಲು ಸೇರುವ ಹೊತ್ತಿಗೆ ಮಾಮಾ ಡೇರಿಗೇ ಹೋದರು.

"ಮತ್ತ ಬಂದ್ರಲ್ಲಾ ಸಾಹೇಬರು" ಎಂದು ಯಾರೋ ನಕ್ಕರು.

ಚನ್ನಬಸಪ್ಪ ಹಾಲಿನ ಅಳತೆ ನಿಲ್ಲಿಸಿ ಹೇಳಿದರು: "ನೋಡ್ರಿ, ಇದು ಮಕ್ಕಳ ಆರೋಗ್ಯದ ಮಾತು. ಊರಿಗೆ ತಿಳೀಬೇಕು."

"ತಿಳೀಬೇಕಾದವರಿಗೆ ಆಕಿ ತಾನ ಹೇಳ್ಯಾಳ. ಬ್ಯಾನಿ ಇದ್ದಾಗ ಒಂದು ದಿನಾನೂ ಒಲಿ ಮುಂದ ಹೋಗಿಲ್ಲ. ಈಗ ಡಾಕ್ಟರು ಹೋಗು ಅಂದಾರ. ಇನ್ನೇನ ಬೇಕ್ರಿ?"

"ನಿಮಗೇನು ಗೊತ್ತ್ರೀ ಆ ಬ್ಯಾನಿ? ನಿಮ್ಮ ಮನಿಯಾಗ ಬಂದಿತ್ತೇನು?"

ಹಾಲಿನ ಕ್ಯಾನು ಹಿಡಿದವರೆಲ್ಲ ಮಾಮಾ ಅವರನ್ನೇ ನೋಡುತ್ತಿದ್ದರು.

"ನನಗ ಬಂದಿತ್ತು. ದಾಂಡೇಲ್ಯಾಗ ಕೆಲಸಕ್ಕ ಸೇರಿದ ಹೊಸದಾಗಿ. ಗುಳಗಿ ನುಂಗಿದ್ನಿ, ವಾಸಿ ಆತು. ಇಷ್ಟು ವರ್ಷ ಯಾರ ಮುಂದೂ ಅಂದಿಲ್ಲ, ನನ್ನ ಮಗಳಿಗೂ ಗೊತ್ತಿಲ್ಲ. ನಿನ್ನೆ ನಿಮ್ಮನಿ ಕಪ್ಪಿನ್ಯಾಗ ಚಾ ಕುಡದೇನಿ ಚನ್ನಬಸಪ್ಪನವರ. ನಿಮ್ಮ ಮೊಮ್ಮಗ ನನ್ನ ತೊಡಿ ಮ್ಯಾಲ ಇದ್ದ. ಆಗ ನಿಮಗೇನೂ ಅನಸಲಿಲ್ಲ. ಈಗ ಅನಸ್ತೈತೇನು?"

ಚನ್ನಬಸಪ್ಪನವರ ಮುಖ ಸಣ್ಣದಾಯಿತು.

"ಎಲ್ಲಾರ ಮುಂದ ಯಾಕ ಹೇಳಿದ್ರಿ ಮತ್ತ?"

"ನೀವು ಕೇಳಿದ್ರಿ, ನಾ ಹೇಳಿದ್ನಿ. ಮಹಾದೇವಿಗೆ ಯಾರರ ಕೇಳಿದ್ರೇನು?"

ಚನ್ನಬಸಪ್ಪ ಕೈ ಒರೆಸಿಕೊಂಡು ಅಂಗಿಯ ಕಿಸೆಯಿಂದ ಫೋನು ತೆಗೆದರು. ಮಾಮಾ ತಕ್ಷಣ ಬೆನ್ನು ತಿರುಗಿಸಿದರು. ಒಬ್ಬೊಬ್ಬರೇ ಫೋನು ತೆಗೆದರು. ಹಿಂದಿನಿಂದ ಒಂದೊಂದೇ ದನಿ ಬರುತ್ತಿತ್ತು: "ಆತ್ರಿ." "ನಂದೂ ಆತು." ಮುದುಕನೊಬ್ಬ ತನಗೆ ಅಳಿಸಲು ಬರುವುದಿಲ್ಲ ಎಂದ. ಮಾಮಾ ತಿರುಗದೆಯೇ ಎಲ್ಲಿ ಒತ್ತಬೇಕು ಎಂದು ಬಾಯಲ್ಲೇ ಹೇಳಿಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, ನಿಜಕ್ಕೂ ಎಲ್ಲರೂ ಅಳಿಸಿದ್ದಾರೆಯೇ ಎಂದು.

"ಅಳಿಸಿದವರು ಅಳಿಸ್ಯಾರ. ಅಳಿಸದವರು ಇನ್ನ ಮ್ಯಾಲ ತೋರಸಾಕ ನಾಚಗೋತಾರ. ಅಷ್ಟ ಸಾಕು."

ಆಮೇಲೆ ಫೋನು ಹಚ್ಚಿದರು. "ನಸೀಮಾ, ನಿನಗೊಂದು ಮಾತು ಹೇಳೂದೈತಿ ಬೇಟಾ. ಮಂದಿ ಬಾಯಿಂದ ಕೇಳೂದಕ್ಕಿಂತ ಮೊದಲ ನಾನ ಹೇಳ್ತೇನಿ..." ನಾನು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ.

ಮುಂದಿನ ಸೋಮವಾರ ದೊಡ್ಡ ಅಕ್ಕೋರು ಮಹಾದೇವಿಯನ್ನು ಕರೆಸಿದರು. ಮೊದಲ ದಿನ ಕೆಲವು ಮಕ್ಕಳು ಮನೆಯಿಂದ ಬುತ್ತಿ ತಂದಿದ್ದವಂತೆ. ಮೂರನೆಯ ದಿನಕ್ಕೆ ಅವೇ ಬುತ್ತಿ ಬಿಟ್ಟು ಅವಳ ಸಾರು ಕೇಳಿದವಂತೆ.

ಕಳೆದ ಮಳೆಗಾಲದಲ್ಲಿ ಮಾಮಾ ಎದೆನೋವಿನಿಂದ ಹುಬ್ಬಳ್ಳಿಯ ಆಸ್ಪತ್ರೆ ಸೇರಿದರು. ನೋಡಲು ಹೋಗಿದ್ದೆ. ಪೇಟೆಯಲ್ಲಿ ಕೇಳುವವರಿಗೆ ಏನು ಹೇಳಲಿ ಎಂದೆ. ಮುಖದ ಮೇಲಿನ ಮಾಸ್ಕು ಸರಿಸಿ ನಕ್ಕರು. "ಆಸ್ಪತ್ರ್ಯಾಗ ಅದಾನ ಅನ್ನು. ಯಾಕ ಅಂತ ಕೇಳಿದ್ರ, ಹೋಗಿ ಅವಂಗ ಕೇಳ್ರಿ ಅನ್ನು. ನಾಕು ಮಂದಿ ನೋಡಾಕರ ಬರ್ತಾರ!" ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಅಂಗಡಿಯ ಬಾಗಿಲು ಎಳೆದು, ತಂಗಿಗೆ ಹೇಗೆ ಹೇಳಲಿ ಎಂದು ಫೋನು ಹಿಡಿದುಕೊಂಡು ಕೂತಿದ್ದೆ. ಅಷ್ಟರಲ್ಲಿ ಅವಳದೇ ಫೋನು ಬಂತು.

"ಅಣ್ಣಾ, ಗೊತ್ತಾತು. ಮುಂಡಗೋಡಕ್ಕ ಹೋದವರ್‍ಯಾರೋ ಚನ್ನಬಸಪ್ಪ ಕಾಕಾಗ ಹೇಳ್ಯಾರ. ಕಾಕಾ ಗ್ರೂಪಿನ್ಯಾಗ ಹಾಕಲಿಲ್ಲ. ಮಳ್ಯಾಗ ನಡಕೋಂತ ಸಾಲಿತನಕ ಬಂದ, ಅಡಗಿಮನಿ ಬಾಗಲದಾಗ ನಿಂತು ಹೇಳಿದ."

ಅವಳ ಹಿಂದೆ ಸ್ಟೀಲಿನ ತಾಟುಗಳ ಸಪ್ಪಳ, ಮಕ್ಕಳ ಗದ್ದಲ ಕೇಳುತ್ತಿತ್ತು.

"ಮಣ್ಣು ಯಾವಾಗ ಅಣ್ಣಾ?"

"ಸಂಜಿಗೆ ಅಂತ. ಈಗ ಹೊಂಟ್ರ ಮುಟ್ಟತಿ."

"ಹುಡುಗೂರು ಸಾಲಾಗಿ ಕುಂತಾವು. ಬಡಿಸಿ ಬರ್ತೇನಿ."