ಲಾಕ್ ಕೆಳಗಿನ ಹೆಬ್ಬೆರಳು

ಕಿಟ್ ತಂದು ರೈಫಲ್ ಜೋಡಿಸಬೇಕು ಅನ್ನುವವರು ಮೊದಲು ಪೊಲೀಸರ ಕಾಗದಪತ್ರ ಮುಗಿಸಿಕೊಳ್ಳಿ. ಆಮೇಲೆ ಉಪಕರಣ. ಹೊಸದು ಮಾತ್ರ ಕೊಳ್ಳಬೇಡಿ. ಸತ್ತವರ ಮನೆಯ ಸಾಮಾನು ಮಾರುವ ಎಸ್ಟೇಟ್ ಸೇಲ್‌ಗೆ ಕೊನೆಯ ದಿನ ಮಧ್ಯಾಹ್ನ ಹೋಗಿ. ಅಷ್ಟು ಹೊತ್ತಿಗೆ ಮನೆಯವರಿಗೆ ಖಾಲಿಯಾದರೆ ಸಾಕು ಅನ್ನಿಸಿರುತ್ತದೆ.

ಓಲ್ಡ್ ಬ್ರಿಡ್ಜ್ ಊರಿನ ಒಂದು ಮನೆಯ ಬೇಸ್‌ಮೆಂಟಿನಲ್ಲಿ ನನಗೆ ಹಾಗೇ ಸಿಕ್ಕಿತು: ಅರಗಳು, ಉಳಿಗಳು, ಮರದ ಕೊಡತಿ, ಜೊತೆಗೆ ಸತ್ತವರೊಬ್ಬರು ಅರ್ಧಕ್ಕೆ ಬಿಟ್ಟಿದ್ದ ಕಿಟ್. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ರೈಫಲ್. ಅವರ ಹೆಂಡತಿ, ಮುದುಕಿ, ಒಂದೇ ಷರತ್ತು ಹಾಕಿದರು.

"ಮುಗಿದ ಮೇಲೆ ತಂದು ತೋರಿಸಬೇಕು. ಅವರ ಕೈಯದ್ದು ಅಂತ ನನಗೆ ಇನ್ನೇನೂ ಉಳಿದಿಲ್ಲ."

"ಹಾಗಾದ್ರೆ ಮೇಜಿಗೆ ಬಿಗಿದಿರೋ ಆ ವೈಸೂ ಸೇರಿಸಿಬಿಡಿ," ಅಂದೆ. ಸೇರಿಸಿದರು.

ಮರವನ್ನು ಕಚ್ಚಿ ಹಿಡಿಯುವ ವೈಸಿನ ಹಲ್ಲಿಗೆ ಹಳೇ ಚಪ್ಪಲಿಯ ತೊಗಲು ಕಟ್ಟಿ, ಮರಕ್ಕೆ ಗಾಯವಾಗಲ್ಲ. ಸ್ಕ್ರೂಡ್ರೈವರ್ ತುದಿ ಸ್ಕ್ರೂವಿನ ಸೀಳಿಗೆ ಸರಿಯಾಗಿ ಕೂರಬೇಕು. ಇನ್ನು ಮಸಿ. ಕಿಡಿ ಹೊಡೆಯುವ ಲಾಕ್ ಬಂದೂಕಿನ ಮರದ ಹಿಡಿಯ ಗುಳಿಯಲ್ಲಿ ಕೂರಬೇಕಲ್ಲ. ಲಾಕಿಗೆ ಮಸಿ ಹಿಡಿಸಿ ಒತ್ತಿದರೆ, ಮರ ಎಲ್ಲಿ ಕಪ್ಪಾಯಿತೋ ಅಲ್ಲಿ ಕೆತ್ತಬೇಕು. ಅಂಗಡಿಯಲ್ಲಿ ಅದಕ್ಕೊಂದು ಡಬ್ಬಿ ಮಾರುತ್ತಾರೆ. ನಾನು ತುಪ್ಪದ ದೀಪ ಹಚ್ಚಿದೆ.

"ದೇವರ ದೀಪ ಬೇಸ್‌ಮೆಂಟಿಗೆ ಯಾಕ್ರೀ?" ಮೆಟ್ಟಿಲ ಮೇಲಿಂದ ನನ್ನ ಹೆಂಡತಿ.

"ಕಾಡಿಗೆ ಮಾಡಕ್ಕೆ."

"ಯಾರಿಗೆ?"

"ಬಂದೂಕಿಗೆ."

"ನಂಗೆ ಒಂದಿನಾನೂ ಮಾಡ್ಕೊಟ್ಟಿದ್ದಿಲ್ಲ!"

ನಗುತ್ತಲೇ ಗುಳಿಯನ್ನು ಬೆಳಕಿಗೆ ತಿರುಗಿಸಿದೆ. ತಳದಲ್ಲಿ ಒಂದು ಹೆಬ್ಬೆರಳ ಗುರುತು, ಕಪ್ಪಗೆ. ನಾನಿನ್ನೂ ಬೆರಳಿಟ್ಟಿರಲಿಲ್ಲ.

ಅಳಿಸಬಾರದು ಅಂದುಕೊಂಡೆ. ಆ ಮುದುಕಿ ಕೇಳಿದ್ದು ಅದನ್ನೇ ಅಲ್ಲವೇ? ಆದರೆ ಆಳ ನೋಡಲು ಬೆರಳಿಡುವ ಜಾಗ ಅದೊಂದೇ. ಎಷ್ಟು ಎಚ್ಚರ ವಹಿಸಿದರೂ ಮಸಿ ಹತ್ತಿದ ನನ್ನ ಎಡ ಹೆಬ್ಬೆರಳು ಅಲ್ಲಿಗೇ ಹೋಗಿ ಕೂರುತ್ತಿತ್ತು, ಯಾರೋ ಹಿಡಿದು ಇಟ್ಟ ಹಾಗೆ. ಒಂದು ದಿನ ಮರವನ್ನು ವೈಸಿಗೆ ಹಾಕದೆ ಕೈಯಲ್ಲೇ ಹಿಡಿದು ಕೆತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಉಳಿ ಜಾರಿ ಎಡ ಹೆಬ್ಬೆರಳನ್ನು ಅಡ್ಡಕ್ಕೆ ಸೀಳಿತು. ಗಾಯ ಮಾಗಿ ಗೆರೆ ಉಳಿಯಿತು, ಕೆಲಸ ಮುಂದುವರಿಯಿತು. ಕೊನೆಗೆ ಎಣ್ಣೆ ಹಚ್ಚುವಾಗ ಗುಳಿಯ ತಳ ಬಿಟ್ಟೆ. ಅಲ್ಲಿ ಗುರುತು ಇತ್ತು. ಯಾರದ್ದು ಅಂತ ಮಾತ್ರ ಗೊತ್ತಾಗಲಿಲ್ಲ.

ಮಾತು ಕೊಟ್ಟ ಪ್ರಕಾರ ತೆಗೆದುಕೊಂಡು ಹೋದೆ. ಖಾಲಿ ಮನೆಯಲ್ಲಿ ಮಡಚುವ ಕುರ್ಚಿಯ ಮೇಲೆ ಅವರೊಬ್ಬರೇ. ಹೊಳಪನ್ನು ಮೆಚ್ಚಿದರು, ಆದರೆ ಕಣ್ಣು ಇನ್ನೇನನ್ನೋ ಹುಡುಕುತ್ತಿತ್ತು. ನಾನು ಲಾಕ್ ಬಿಚ್ಚಿ ತೋರಿಸಿದೆ. ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ.

"ಅವರದ್ದೇ," ಅಂದರು. "ನೋಡಿ, ಅಡ್ಡಕ್ಕೆ ಬಿಳಿ ಗೆರೆ. ಮದುವೆಗೆ ಮುಂಚೆಯೇ ಉಳಿ ತಾಗಿಸಿಕೊಂಡಿದ್ದರು."

ನನ್ನ ಎಡಗೈ ಆಗಲೇ ಜೇಬಿಗೆ ಹೋಗಿತ್ತು.

ಲಾಕನ್ನು ವಾಪಸ್ ಕೂರಿಸಲು ಎರಡು ಕೈ ಬೇಕು. ಅವರೇ ರೈಫಲ್ ಹಿಡಿದುಕೊಂಡರು, ಮಗುವನ್ನು ಹಿಡಿದ ಹಾಗೆ. ನಾನು ಒಂದೇ ಕೈಯಲ್ಲಿ ಸ್ಕ್ರೂ ತಿರುಗಿಸಿದೆ. ತುದಿ ಜಾರಿ ಸ್ಕ್ರೂ ತಲೆಗೆ ಗೀರು ಬಿತ್ತು. ರೈಫಲ್ ಈಗ ನಮ್ಮ ಬೇಸ್‌ಮೆಂಟಿನ ಗೋಡೆಯ ಮೇಲಿದೆ, ಗೀರೂ ಇದೆ. ಲಾಕನ್ನು ನಾನು ಮತ್ತೆ ಬಿಚ್ಚಿಲ್ಲ.