ಎಲ್ಲಕ್ಕೂ ಹೌದೆಂದ ಮಲ್ಲಮ್ಮ

“‘ಕುರಿಗಳು ಬಂದಳು’ ಅನ್ನಬಹುದೇ?” ಎಂದು ಕೇಳಿದೆ. ದೇವದುರ್ಗದ ಕುರಿಗಾರರ ಮನೆಯಲ್ಲಿ ಹುಟ್ಟಿ ಮಾನ್ವಿಗೆ ಸೊಸೆಯಾಗಿ ಬಂದ ನನಗೆ ಕೋಣೆ ಬಾಡಿಗೆಗೆ ಕೊಟ್ಟಿರುವ ಮಲ್ಲಮ್ಮ ಕಣ್ಣು ಮಿಟುಕಿಸದೆ, “ಅನ್ನಬಹುದ್ರೀ ಸರ” ಎಂದರು.

ಮೈಸೂರಿನ ಓದುಗರೇ, ಈ ಸೀಮೆಯ ಆಡುಮಾತಿನ ಸಂಶೋಧನೆಗೆಂದು ನಿಮ್ಮೂರಿನಿಂದ ಹೊರಟ ನಾನು ಬಿಸಿಲಿಗೆ ಸಿದ್ಧನಾಗಿ ಬಂದಿದ್ದೆ, ಈ ಉತ್ತರಕ್ಕಲ್ಲ.

ಈಚೆಗೆ ಬಂದಿರುವ ನಿರ್ಬಂಧಾಧಾರಿತ ವ್ಯಾಕರಣದ ಪ್ರಕಾರ ಪ್ರತಿ ವಾಕ್ಯವೂ ಹಲವು ನಿರ್ಬಂಧಗಳನ್ನು ಒಟ್ಟಿಗೆ ಪಾಲಿಸಬೇಕು. ಕರ್ತೃವಿಗೆ ಕ್ರಿಯಾಪದ ಹೊಂದಬೇಕೆಂಬುದು ಅವುಗಳಲ್ಲೊಂದು. ಒಂದು ಮುರಿದರೂ ವಾಕ್ಯ ಹೊರಗೆ. ತೀರ್ಪು ಕೊಡುವವರು ಆ ಮಾತನ್ನಾಡುವ ಜನ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿ ಬೆಳೆದ ನನಗೆ ಈ ಖಡಾಖಂಡಿತ ನ್ಯಾಯ ಬಹಳ ಹಿಡಿಸಿತ್ತು. ಮಲ್ಲಮ್ಮನ ‘ಹೌದು’ಗಳನ್ನೆಲ್ಲ ನನ್ನ ಸಂಶೋಧನೆಯ ಮಾರ್ಗದರ್ಶಕರಾದ ಮೈಸೂರಿನ ಗುರುಗಳಿಗೆ ಕಳಿಸಿದೆ. ಅವರು ಕುಣಿದಾಡಿ ಲೇಖನ ಬರೆದರು: ರಾಯಚೂರು ಸೀಮೆಯಲ್ಲಿ ಆ ನಿರ್ಬಂಧವೇ ಇಲ್ಲ!

ಅಕ್ಕಿ ಮಿಲ್ಲಿನ ಹಿಂದಿರುವ ನನ್ನ ಕೋಣೆ ಅಸಹ್ಯ. ತೌಡಿನ ಧೂಳು ಹಾಸಿಗೆಯಲ್ಲಿ, ಹಲ್ಲಿನಲ್ಲಿ. ಮೈಸೂರಿನಲ್ಲಿ ನಲ್ಲಿ ತಿರುಗಿಸಿ ಕುಡಿಯುತ್ತಿದ್ದೆ. ಇಲ್ಲಿಯ ನೀರು ಬಾಯಿಗಿಟ್ಟರೆ ಉಪ್ಪು. ಪುಂಡಿಪಲ್ಯ, ಅಂದರೆ ಒಂದು ಬಗೆಯ ಹುಳಿಸೊಪ್ಪಿನ ಪಲ್ಯ, ಗಂಟಲಲ್ಲಿ ಇಳಿಯಲು ತಿಂಗಳು ಹಿಡಿಯಿತು. ಇದೆಲ್ಲ ಏನೂ ಅಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ ನೆರೆಮನೆಯಾಕೆ ನಗುತ್ತಿದ್ದುದು ಕೇಳಿಸಿತು.

“ಕುರಿ ಬಂದ್ಳು ಅಂತೀವೇನ್ಬೇ ನಾವು?”

“ಮನಿಗಿ ಬಂದ ಮಂದಿಗಿ ತಪ್ಪು ಅನ್ನಾಕ ಬರ್ತದೇನ?” ಎಂದರು ಮಲ್ಲಮ್ಮ. “ಪಾಪ, ಮಾರಿ ಸಣ್ಣದು ಮಾಡ್ಕೊಂತಾನ.”

ಸೌಜನ್ಯವನ್ನು ಸಾಕ್ಷ್ಯವೆಂದು ಬರೆದುಕೊಂಡಿದ್ದೆ! ನನ್ನ ಮೇಲೇ ಹೇಸಿಗೆಯಾಗಿ ಗುರುಗಳಿಗೆ ತಿಳಿಸಿದೆ. ಉತ್ತರ ಬಂತು: “ಲೇಖನ ಅಚ್ಚಿಗೆ ಹೋಗಿದೆ. ಆ ಹೆಂಗಸೇನು ಓದುತ್ತಾಳೆಯೇ? ನಿನಗೆ ಫೆಲೋಶಿಪ್ ಬೇಡವೇ?” ಓದಲು ಬಾರದವರ ನಾಲಗೆಗೆ ಸುಳ್ಳು ಅಂಟಿಸಬಹುದೆಂಬುದು ಯಾವ ವ್ಯಾಕರಣದ ನಿಯಮ, ಸ್ವಾಮಿ?

ಮಲ್ಲಮ್ಮನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

“ನಾ ಹಂಗ ಮಾತಾಡ್ತೀನಂತ ಪುಸ್ತಕದಾಗ ಹಾಕ್ತಾರೇನು? ನಮ್ಮಣ್ಣನ ಮಕ್ಳು ಸಾಲಿ ಕಲ್ತಾರ, ಓದ್ತಾರಲೇ ತಮ್ಮಾ! ಕುರಿ ಕಾಯೋರಿಗಿ ಕುರಿ ಸುದ್ದಿ ಹೇಳಾಕ ಬರಂಗಿಲ್ಲ ಅಂತ ನಗಂಗಿಲ್ಲೇನು? ತೆಗಸು ಅದನ್ನ.”

“ತೆಗೆಸಿದ್ರೆ ನನ್ನ ಓದೇ ನಿಲ್ಲುತ್ತಮ್ಮಾ.”

“ನಿಂದ್ರಲಿ. ಸುಳ್ಳು ಬರ್ಯಾಕ ಇಷ್ಟು ದೂರ ಬಂದ್ಯೇನು?”

ಮೊದಲ ಸಲ ಇಲ್ಲಿ ಯಾರೋ ನಾನು ಮಾಡಿದ್ದು ತಪ್ಪು ಎಂದರು. ‘ಸರ’ ಹೋಗಿ ‘ಲೇ ತಮ್ಮಾ’ ಬಂದಿತ್ತು. ಅವಮಾನದ ನಡುವೆಯೂ ಹಿಗ್ಗಿದೆ.

ಆ ವಾಕ್ಯಗಳು ಸುಳ್ಳು, ತಪ್ಪು ನನ್ನದು ಎಂದು ಆ ಲೇಖನ ಅಚ್ಚಾಗಲಿದ್ದ ಪತ್ರಿಕೆಯ ಸಂಪಾದಕರಿಗೆ ಬರೆದೆ. ಲಕೋಟೆಯ ಮೇಲೆ ನನ್ನ ವಿಳಾಸ ಮೈಸೂರು ಎಂದು ಬರೆದು ಹೊಡೆದುಹಾಕಿದೆ. ಮಾನ್ವಿ ಎಂದು ಬರೆದೆ. ಅದೂ ಪೂರ್ತಿ ನಿಜ ಅನ್ನಿಸಲಿಲ್ಲ. ಹಾಗೇ ಅಂಚೆಗೆ ಹಾಕಿದೆ.