ಬೀಜದುಂಡೆ ಎಸೆದು ಬಂದ ಭಾನುವಾರ

"ಅಕ್ಕ, ನಿಮ್ಮ ಪರಿಚಯದವರ ಹತ್ತಿರ ಕಾಡುಮರದ ಬೀಜ ಉಂಟಾ? ಭಾನುವಾರದ ಒಳಗೆ ಒಂದು ಗೋಣಿಯಾದರೂ ಬೇಕಿತ್ತು."

ಫೋನು ಮಾಡಿದವರು ಸುಧಾಕರಣ್ಣ. ಮಣಿಪಾಲದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು. ಪರಿಸರ ದಿನದ ಲೆಕ್ಕದಲ್ಲಿ ನಾವೆಲ್ಲ ಹೆಬ್ರಿ ಕಡೆಗೆ ಹೋಗುವುದು, ಮಣ್ಣಿನೊಳಗೆ ಬೀಜ ಸೇರಿಸಿ ಕಟ್ಟಿದ ಬೀಜದುಂಡೆಗಳನ್ನು ಕಾಡಿನಲ್ಲಿ ಎಸೆಯುವುದು, ಊಟ ಮಾಡಿ ವಾಪಸ್ಸಾಗುವುದು ಎಂದು ತೀರ್ಮಾನವಾಗಿತ್ತು. ಬಸ್ಸು ಬುಕ್ ಆಗಿತ್ತು. ಹಸಿರು ಟೀ ಶರ್ಟು ಪ್ರಿಂಟಿಗೆ ಹೋಗಿತ್ತು. ಮಧ್ಯಾಹ್ನಕ್ಕೆ ಪುಲಾವೋ ಬಿರಿಯಾನಿಯೋ ಎಂದು ವಾಟ್ಸಾಪಿನಲ್ಲಿ ಘನಘೋರ ಚರ್ಚೆ ನಡೆದಿತ್ತು. ಬೀಜವೊಂದು ಮಾತ್ರ ಇರಲಿಲ್ಲ. (ಹಾಲ್ ರೆಡಿ, ಬ್ಯಾಂಡು ರೆಡಿ, ಮದುಮಗಳನ್ನು ಹುಡುಕುವುದೊಂದು ಬಾಕಿ!)

ಕುಕ್ಕುಂದೂರಿನ ಶಾಂಭವಿ ಟೀಚರಿಗೆ ಫೋನು ಮಾಡಿದೆ. ಹೈಸ್ಕೂಲಿನಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು. ರಿಟೈರಾದ ಮೇಲೆ ಕಾಡುಮರಗಳ ಬೀಜ ಹೆಕ್ಕಿ ತಂದು, ಹಿತ್ತಲಲ್ಲಿ ಗಿಡ ಮಾಡಿ, ಕೇಳಿದವರಿಗೆಲ್ಲ ಕೊಡುತ್ತಾರೆ.

"ಈ ವರ್ಷ ಬೀಜ ಎಲ್ಲುಂಟು ಮಾರಾಯ್ತಿ?" ಟೀಚರು ನಕ್ಕರು. ಖುಷಿಯ ನಗುವಲ್ಲ. "ಚಳಿ ಸರಿಯಾಗಿ ಬೀಳಲಿಲ್ಲ. ಹೂ ಬಂದದ್ದೇ ತಡ. ಬಂದ ಹೂವಿಗೂ ಅಕಾಲ ಮಳೆ ಹೊಡೆಯಿತು. ಪುನರ್ಪುಳಿ ಇಲ್ಲ, ಹೆಬ್ಬಲಸು ಇಲ್ಲ. ನಾನು ಮಣ್ಣು ತುಂಬಿಸಿಟ್ಟ ಪ್ಲಾಸ್ಟಿಕ್ ತೊಟ್ಟೆಗಳೆಲ್ಲ ಹಾಗೇ ಕೂತಿವೆ."

ಹೋದ ವರ್ಷದ ಬೀಜ ಉಳಿದಿರಬಹುದಲ್ಲ ಎಂದೆ.

"ಅದೆಂತ ಸಾಸಿವೆಯಾ, ಡಬ್ಬಿಯಲ್ಲಿ ಹಾಕಿಡ್ಲಿಕ್ಕೆ? ನಮ್ಮ ಕಾಡಿನ ಎಷ್ಟೋ ಬೀಜ ಒಣಗಿದರೆ ಸತ್ತೇ ಹೋಗ್ತದೆ. ಬಿದ್ದ ಕೂಡಲೇ ನೆಲ ಒದ್ದೆ ಇರಬೇಕು. ಈಗ ಬೀಜ ಬೀಳುವಾಗ ಮಳೆ ಇಲ್ಲ, ಮಳೆ ಬರುವಾಗ ಬೀಜ ಇಲ್ಲ." ಮತ್ತೆ ಕೇಳಿದರು: "ನಿಮ್ಮ ಗೇಟಿನ ಹತ್ತಿರದ ಕಾಟುಮಾವು ಎಂತ ಮಾಡಿತು?"

ಅದು ಕಾಯಿ ಬಿಟ್ಟಿತ್ತು! ಅಪಾರ್ಟ್‌ಮೆಂಟಿಗಿಂತ ಹಳೆಯದಾದ ಕಾಡುಮಾವಿನ ಮರ. ಸುತ್ತಲಿನ ಮಾವುಗಳೆಲ್ಲ ಕೈಚೆಲ್ಲಿದ ವರ್ಷದಲ್ಲೂ ಅದರ ತುಂಬ ಗೊಂಚಲು. ಹಣ್ಣು ನಾರು ನಾರು, ಹುಳಿಸಿಹಿ. ಸಾಂಬಾರು ಮಾಡಿದರೆ ಗೊರಟು ಚೀಪುವುದಕ್ಕೇ ಇನ್ನೊಂದು ಊಟ ಬೇಕು.

"ಅದರ ಗೊರಟು ತಾ," ಎಂದರು ಟೀಚರು. "ಎಲ್ಲ ಸೋತ ವರ್ಷ ಕಾಯಿ ಬಿಡುವ ಮರ ಉಂಟಲ್ಲ, ಇನ್ನು ಕಾಡಿಗೆ ಅಂಥದ್ದೇ ಬೇಕು. ಅದರ ಮಕ್ಕಳಾದರೂ ಈ ಹವೆ ತಡೆದುಕೊಂಡಾವು."

ಮರುದಿನ ಬೆಳಿಗ್ಗೆಯೇ ಎದ್ದು ಹೆಕ್ಕಿದೆ. ಅರ್ಧ ಟೀಚರಿಗೆ ಕೊಟ್ಟು ಬಂದೆ. ಉಳಿದರ್ಧ ಸುಧಾಕರಣ್ಣನ ಮುಂದಿಟ್ಟರೆ ಅವರು ಮುಖ ಸಿಂಡರಿಸಿದರು.

"ಇಷ್ಟು ದೊಡ್ಡದು ಉಂಡೆಯೊಳಗೆ ಹಿಡಿಯುವುದಿಲ್ಲ ಅಕ್ಕ. ಆನ್‌ಲೈನ್‌ನಲ್ಲಿ ತರಿಸಿಯಾಗಿದೆ, ಬಿಡಿ."

ಬಂದದ್ದು ಗುಲ್‌ಮೊಹರ್ ಮತ್ತು ಸುಬಾಬುಲ್. ಇವು ನಮ್ಮ ಕಾಡಿನ ಮರಗಳೇ ಅಲ್ಲ ಎಂದೆ. "ಹಸಿರು ಹಸಿರೇ ಅಲ್ವಾ?" ಎಂದರು.

ಭಾನುವಾರ ಹೋದೆವು. ಮಳೆ ಇನ್ನೂ ಹಿಡಿದಿರಲಿಲ್ಲ. ಬಸ್ಸು ನಿಂತದ್ದು ಊಟದ ಜಾಗಕ್ಕೆ ಹತ್ತಿರವೆಂದು ಆರಿಸಿದ, ಬಿಸಿಲೇ ಇಳಿಯದಷ್ಟು ದಟ್ಟ ಕಾಡಿನ ಅಂಚಿನಲ್ಲಿ. ಇದ್ದ ಕಾಡಿಗೇ ಕಾಡು ಬೆಳೆಸುವ ಕಾರ್ಯಕ್ರಮ! ಒಬ್ಬರು ಎಸೆದರು. ವಿಡಿಯೊ ಸರಿ ಬರಲಿಲ್ಲವೆಂದು ಹೋಗಿ ಅದೇ ಉಂಡೆ ಹೆಕ್ಕಿ ತಂದು ಮತ್ತೆ ಎಸೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಒಂದೆರಡು ಎಸೆದೆ. (ತಿನ್ನಲಿರುವ ಪುಲಾವಿನ ಋಣ.)

ಸಂಜೆ ವಾಪಸ್ಸು ಬಂದು ಬಸ್ಸಿಳಿದರೆ ಗೇಟಿನ ಬಳಿ ವಿಪರೀತ ಬೆಳಕು.

ಮರ ಇರಲಿಲ್ಲ.

ಬುಡ ಹಸಿಯಾಗಿತ್ತು. ಸೊನೆಯ ವಾಸನೆ ಮೂಗಿಗೆ ಹೊಡೆಯಿತು. ಉದುರಲು ಬಾಕಿಯಿದ್ದ ಹಣ್ಣುಗಳು ಲಾರಿಯ ಚಕ್ರಕ್ಕೆ ಸಿಕ್ಕಿ ಇಂಟರ್‌ಲಾಕಿನ ಮೇಲೆ ಪಚ್ಚಡಿಯಾಗಿದ್ದವು.

"ಎಂತ ಇದು ಸುಧಾಕರಣ್ಣ?"

"ಮೀಟಿಂಗಿನಲ್ಲಿ ಹೇಳಿದ್ದೆವಲ್ಲ ಅಕ್ಕ, ಟ್ರಿಮ್ಮಿಂಗ್ ಉಂಟು ಅಂತ."

ಟ್ರಿಮ್ಮಿಂಗ್! ಕೊಂಬೆ ಸವರುತ್ತಾರೆ ಎಂದುಕೊಂಡು ನಾನೂ ತಲೆಯಾಡಿಸಿದ್ದೆ. ಬುಡದಿಂದಲೇ ಟ್ರಿಮ್ ಮಾಡುವ ಕ್ರಮ ನನಗೆ ತಿಳಿದಿರಲಿಲ್ಲ.

"ಹಣ್ಣು ಕಾರಿನ ಮೇಲೆ ಬೀಳ್ತದೆ. ಬಾವಲಿ ಬಂದು ಗಲೀಜು. ಎಲ್ಲರದ್ದೂ ಕಂಪ್ಲೇಂಟ್. ಪರ್ಮಿಷನ್ ತೆಗೆದುಕೊಂಡೇ ಕಡಿಸಿದ್ದು. ಮತ್ತೆ, ಒಂದು ಮರ ಹೋದರೆ ಎಂತ? ಇವತ್ತು ಎಷ್ಟು ಮರ ನೆಟ್ಟು ಬಂದೆವು!"

"ನೆಟ್ಟದ್ದಲ್ಲ, ಎಸೆದದ್ದು" ಎಂದೆ. ಬಸ್ಸಿನಲ್ಲಿ ಅಂತ್ಯಾಕ್ಷರಿ ಹಾಡಿದವರೆಲ್ಲ ಲಿಫ್ಟಿನ ಕಡೆಗೆ ನಡೆದರು.

ಮಳೆ ಹಿಡಿದ ಮೇಲೆ, ಉಂಡೆಗಳು ಏನಾದವು ನೋಡಿ ಬರೋಣವೇ ಎಂದು ಗ್ರೂಪಿನಲ್ಲಿ ಕೇಳಿದೆ. ಯಾರಿಗೂ ಪುರಸೊತ್ತಿಲ್ಲ. ನಾನೂ ಟೀಚರೂ ಹೋದೆವು. ಮಣ್ಣು ಕರಗಿತ್ತು. ದಟ್ಟ ನೆರಳಿನಲ್ಲಿ ಒಂದು ಮೊಳಕೆಯೂ ಕಾಣಲಿಲ್ಲ. ಮೊಳೆಯದ್ದೇ ಒಳ್ಳೆಯದಾಯಿತು ಎಂದರು ಟೀಚರು. ಸುಬಾಬುಲ್ ಒಮ್ಮೆ ಬೇರು ಬಿಟ್ಟರೆ ಬೇರೆಯವರನ್ನು ಬದುಕಲು ಬಿಡುವುದಿಲ್ಲವಂತೆ.

ಅವರ ಹಿತ್ತಲಲ್ಲಿ ಮಾತ್ರ ಕಾಟುಮಾವಿನ ಗೊರಟುಗಳು ಒಡೆದು, ಕೆಂಪು ಎಳೆಯೆಲೆ ಬಿಟ್ಟಿದ್ದವು. ಹೆಚ್ಚಿನವು ಕಾರ್ಕಳದ ಆಸುಪಾಸಿನ ಬೋಳುಗುಡ್ಡೆಗಳಿಗೆ ಹೋಗುತ್ತವೆ. ಒಂದನ್ನು ನನ್ನ ಕೈಗಿಟ್ಟರು. "ಅದೇ ಗೇಟಿನ ಬದಿಯಲ್ಲಿ ನೆಡು" ಎಂದರು.

ಸುಧಾಕರಣ್ಣ ಆ ಗಿಡವನ್ನು ಪ್ರೀತಿಯಿಂದಲೇ ನೋಡಿದರು. ಬಳಿಕ ಸಂಕೋಚದಿಂದ ಕೇಳಿದರು: "ಅಕ್ಕ, ಇದರಲ್ಲೇ ಕಾಯಿ ಬಿಡದ ಜಾತಿ ಉಂಟಾ?"

ಕೆಲವು ವರ್ಷ ತಾಳಿ ಸುಧಾಕರಣ್ಣ, ಈ ಹವೆಗೆ ಎಲ್ಲ ಮರಗಳೂ ಅದೇ ಜಾತಿಗೆ ಸೇರುತ್ತವೆ.